ಬರಿಗೈಯ ನಡಿಗೆ

ಪಾನಾ ಕೈಯಲ್ಲಿಲ್ಲದೆ ಅಣವೀರಪ್ಪ ಆ ವಾಕಿಂಗ್ ಟ್ರ್ಯಾಕಿನ ಮೇಲೆ ಕಾಲಿಡುವಂತಿರಲಿಲ್ಲ. ಪೈಪು ಬಿಗಿಯುವ ದೊಡ್ಡ ಪಾನಾ, ಹಿಡಿಯ ಕೆಂಪು ಬಣ್ಣವೆಲ್ಲ ಅಂಗೈಗೇ ಹತ್ತಿ ಮುಗಿದು ಕಬ್ಬಿಣ ಬೆಳ್ಳಗಾದದ್ದು. ಅದನ್ನು ಹಿಡಿದು ನಡೆದರೆ ಅವನು ಪ್ಲಂಬರು, ಎಲ್ಲೋ ಏನೋ ಸೋರುತ್ತಿದೆ, ನೋಡಲು ಹೊರಟಿದ್ದಾನೆ. ಮುಂಬೈ ಪವಾಯಿಯ ಆ ಕಾಂಪ್ಲೆಕ್ಸಿನ ಮಂದಿ ಅವನ ಮೇಲೆ ಕಣ್ಣು ಹಾಯಿಸಿ, ಪಾನಾ ಕಂಡು, ಸಮಾಧಾನವಾಗಿ ಕಣ್ಣು ತೆಗೆಯುತ್ತಿದ್ದರು. ಅದಿಲ್ಲದಿದ್ದರೆ ಅವನು ನಡೆಯುತ್ತಿರುವ ಒಬ್ಬ ಮನುಷ್ಯ ಮಾತ್ರ, ಮತ್ತು ಕೆಲಸದವನೊಬ್ಬ ಸುಮ್ಮನೆ ನಡೆಯುವುದು ಆ ಟವರುಗಳ ನಡುವೆ ಯಾರಿಗೂ ತಿಳಿಯದ ಸಂಗತಿ. ತಿಳಿಯದ್ದು ಕಂಡ ಕೂಡಲೇ ಆ ಮಂದಿ ಫೋನು ತೆಗೆಯುತ್ತಾರೆ. ಆದ್ದರಿಂದ ಬೆಳಗಿನ ನೀರು ಬಿಟ್ಟಾದ ಮೇಲೆ ಅವನು ಪಾನಾ ಎತ್ತಿಕೊಂಡು, ಹುಬ್ಬು ಗಂಟಿಕ್ಕಿ, ನೆಲದೊಳಗಿನ ಯಾವುದೋ ಪೈಪಿನ ಸಂಕಟಕ್ಕೆ ಕಿವಿಗೊಟ್ಟವನ ಹಾಗೆ ಮುಖ ಮಾಡಿಕೊಂಡು, ಆ ಕೆಂಪು ರಬ್ಬರಿನ ಹಾದಿಯಲ್ಲಿ ಸುತ್ತು ಹಾಕುತ್ತಿದ್ದ. ಕಿವಿಗೊಟ್ಟದ್ದು ತನ್ನ ಎದೆಗೆ. ಒಂದು ಬಡಿತ, ಇನ್ನೊಂದು, ಆಮೇಲೆ ಖಾಲಿ, ಆ ಖಾಲಿಯಲ್ಲಿ ಕಾಲು ಜಾರಿದಂತಾಗಿ ಎರಡು ಬಡಿತ ಒಂದರ ಮೇಲೊಂದು ಬಿದ್ದು, ಮತ್ತೆ ಏನೂ ಆಗಿಲ್ಲವೆಂಬಂತೆ ಮೊದಲಿನ ಹಾಗೆ. ಗಾಳಿ ಎಳೆದ ಪಂಪು ಹೀಗೇ ಮಾಡುತ್ತದೆ. ಪಂಪಿಗಾದರೆ ಒಂದು ಬೋಲ್ಟು ಸಡಿಲಿಸಿ ಗಾಳಿ ಬಿಡಬಹುದು. ಡಾಕ್ಟರು ಹೃದಯದ ಚಿತ್ರ ತೋರಿಸಿ, ಮೇಲಿನ ಎರಡು ಕೋಣೆಗಳು ಬಡಿಯುವುದನ್ನು ಬಿಟ್ಟು ಬರೀ ನಡುಗುತ್ತಿವೆ, ಅದಕ್ಕೇ ಕೆಳಗಿನವು ತಾಳ ತಪ್ಪಿ ಬಡಿದುಕೊಳ್ಳುತ್ತಿವೆ ಎಂದು ಹೇಳಿದಾಗ ಅವನಿಗೆ ನಗು ಬಂದಿತ್ತು. ಒಳಗೂ ಇದೇ ಏನು? ಮೇಲಿನವರಿಗೆ ನಡುಕ ಬಂದರೆ ಬಡಿದುಕೊಳ್ಳಬೇಕಾದವರು ಕೆಳಗಿನವರೇ?

ದಿನಾ ಅರ್ಧ ಗಂಟೆ ನಡಿ ಎಂದಿದ್ದರು ಡಾಕ್ಟರು. ಓಡಬೇಡ, ಭಾರ ಎತ್ತಬೇಡ, ಏರು ಹತ್ತಬೇಡ, ಸಮ ನೆಲದ ಮೇಲೆ ನಡಿ. ಎಷ್ಟು ಜೋರಾಗಿ ಎಂದು ಕೇಳಿದ್ದಕ್ಕೆ, ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟೇ ವೇಗ ಎಂದಿದ್ದರು. ಹೀಗೆ ತಪ್ಪದೆ ನಡೆದರೆ ಎದೆ ತಾಳ ತಪ್ಪುವುದು ಕಡಿಮೆಯಾಗುತ್ತದೆ. ಎದೆ ಬಿರಿಯುವ ಹಾಗೆ ದುಡಿದರೆ ಹೆಚ್ಚಾಗುತ್ತದೆ. ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ನೋಡೋಣ, ಸುಧಾರಿಸದಿದ್ದರೆ ಎದೆಯೊಳಗೆ ತಂತಿ ಹಾಕಿ ತಾಳ ತಪ್ಪಿಸುವ ಜಾಗ ಸುಡಬೇಕಾದೀತು. ಮಾತಾಡಬಹುದು, ಹಾಡಬಾರದು. ಆಸ್ಪತ್ರೆಯಿಂದ ಮನೆಗೆ ಬರುವ ಬಸ್ಸಿನಲ್ಲಿ ಅಣವೀರಪ್ಪ ಆ ಮಾತನ್ನು ಬಾಯಲ್ಲಿ ಹೊರಳಿಸಿದ್ದ. ಮುಂಬೈಗೆ ಬಂದಾಗಿನಿಂದ ತಾನು ಬದುಕಿದ್ದೇ ಆ ಅಳತೆಯಲ್ಲಿ ಅಲ್ಲವೇ? ಹೂಂ ಎನ್ನುವಷ್ಟು ಉಸಿರು ಎಲ್ಲರೂ ಬಿಟ್ಟುಕೊಟ್ಟಿದ್ದರು, ಅದಕ್ಕಿಂತ ಹೆಚ್ಚಿನದನ್ನು ಯಾರೂ ಬಿಟ್ಟಿರಲಿಲ್ಲ. ಆದರೆ ಸಮ ನೆಲ ಎಲ್ಲಿ? ಅವನ ಖೋಲಿ ವಿಕ್ರೋಳಿಯ ಪಾರ್ಕ್‌ಸೈಟ್ ಗುಡ್ಡದ ನೆತ್ತಿಯಲ್ಲಿ. ಅಲ್ಲಿ ನಡೆಯುವುದೆಂದರೆ ಹತ್ತುವುದು, ಇಲ್ಲಾ ಇಳಿಯುವುದು, ಎರಡೂ ಕೈಯಲ್ಲಿ ನೀರಿನ ಕ್ಯಾನು ಹಿಡಿದು. ಕೆಳಗಿನ ರಸ್ತೆಯಲ್ಲಿ ಮೆಟ್ರೋದವರು ಅಗೆದ ಗುಂಡಿ, ಡಂಪರು, ಧೂಳು. ಹೆಂಡತಿ ಮಲ್ಲಕ್ಕ, "ಸ್ಟೇಷನ್ ಪ್ಲಾಟ್‌ಫಾರ್ಮಿನ ಮ್ಯಾಲ ನಡಿ, ಅಲ್ಲಿ ನೆಲ ಸಮ ಇರತದ" ಎಂದಿದ್ದಳು. ಒಂದು ದಿನ ಹೋಗಿ ನೋಡಿದ. ಆ ಮಂದಿಯ ನಡುವೆ ಅವನು ನಡೆಯಲಿಲ್ಲ, ಅವರು ಅವನನ್ನು ನಡೆಸಿ ಲೋಕಲ್ಲಿನೊಳಗೆ ತುರುಕಿ ಘಾಟ್‌ಕೋಪರಿನಲ್ಲಿ ಇಳಿಸಿದರು. ಕೊನೆಗೆ ಉಳಿದದ್ದು ದಿನಾ ಕಣ್ಣೆದುರಿಗೇ ಇದ್ದ ಈ ಹಾದಿ. ಸಮವಾದದ್ದು, ಮರದ ನೆರಳಿನದು, ಒಂದು ತಿರುವಿನಲ್ಲಿ ಕೆರೆ ಕಾಣುವಂಥದ್ದು. ಅದರಡಿಯ ಮಳೆನೀರಿನ ಪೈಪು ಹೂಳಿದವರಲ್ಲಿ ಅವನೂ ಒಬ್ಬ. ಹೂಳುವಾಗ ಯಾರೂ ತಡೆದಿರಲಿಲ್ಲ.

ತಪ್ಪು ಶುರುವಾದದ್ದು ಒಂದು ಮಾತಿನಿಂದ. ಹೋದ ವರ್ಷ ಟೆರೇಸಿನ ಟ್ಯಾಂಕಿನ ವಾಲ್ವು ತಿರುಗಿಸುತ್ತಿದ್ದಾಗ ಎದೆಯೊಳಗೆ ಹಕ್ಕಿ ಸಿಕ್ಕಿಕೊಂಡು ಪಟಪಟನೆ ಬಡಿದಂತಾಗಿ ಅವನು ಅಲ್ಲೇ ಕೂತುಬಿಟ್ಟಿದ್ದ. ಗುಡ್ಡದ ಬುಡದ ದವಾಖಾನೆಯ ಹುಡುಗ ಡಾಕ್ಟರು ತಲೆ ಎತ್ತದೆ ಕೇಳಿದ: "ದಮಾ ಹೈ ಕ್ಯಾ?" ಉಬ್ಬಸ ಇದೆಯೇ ಎಂದು. ಅಣವೀರಪ್ಪನಿಗೆ ಕೇಳಿಸಿದ್ದು "ದಮ್ ಹೈ ಕ್ಯಾ?" ಕಸುವು ಇದೆಯೇ ಎಂದು. ಆ ಪ್ರಶ್ನೆಯನ್ನು ಅವನು ಎಷ್ಟು ವರ್ಷದಿಂದ ಕೇಳುತ್ತ ಬಂದಿದ್ದ! ಅಫಜಲಪುರದ ಕಡೆಯಿಂದ ಬಂದು ದಾದರಿನ ನಾಕಾದಲ್ಲಿ ಕೂಲಿಗೆ ನಿಂತ ಮೊದಲ ಮುಂಜಾನೆ ಮುಕಾದಮನೊಬ್ಬ ಬೆನ್ನಿಗೆ ಬಾರಿಸಿ ಕೇಳಿದ್ದ, ದಮ್ ಹೈ ಕ್ಯಾ? ಹೈ ಸೇಠ್, ಬಹುತ್ ಹೈ. ಹಾಗೆನ್ನದವನು ಮಧ್ಯಾಹ್ನದ ತನಕ ಅಲ್ಲೇ ನಿಂತಿರುತ್ತಿದ್ದ. ಸಿಮೆಂಟು ಹೊರುವಾಗ, ಪೈಪು ಏರಿಸುವಾಗ, ಗಟಾರಕ್ಕಿಳಿಯುವಾಗ, ಎಲ್ಲೆಡೆಯೂ ಅದೇ ಪ್ರಶ್ನೆ, ಅದೇ ಉತ್ತರ. ಮಾತು ಕಿವಿಗೆ ಬಿದ್ದರೆ ಸಾಕು, ಬಾಯಿ ತಾನೇ ತೆರೆದುಕೊಳ್ಳುತ್ತಿತ್ತು. ಕೆಲಸದಿಂದ ತೆಗೆಸಲು ಕಾಂಟ್ರಾಕ್ಟರನೇ ಈ ಡಾಕ್ಟರಿಗೆ ಹೇಳಿರಬಹುದೇ ಎಂಬ ಗುಮಾನಿಯೂ ಸೇರಿ ಅವನು ಎದೆ ಸೆಟೆದು ಹೇಳಿದ: "ಹೈ ಸಾಬ್! ಬಹುತ್ ಹೈ!" ಡಾಕ್ಟರು ಬಾಯಿಗೆ ಹಿಡಿದು ಎಳೆಯುವ ಪಂಪು ಬರೆದುಕೊಟ್ಟ. ಅದನ್ನು ಎಳೆದಾಗಲೆಲ್ಲ ಎದೆ ನೀರಿಲ್ಲದ ಮೋಟಾರಿನ ಹಾಗೆ ಚೀರಿಕೊಂಡು ಓಡಿತು. ಅಣವೀರಪ್ಪ, ಔಷಧ ಹತ್ತುತ್ತಿದೆ ಎಂದುಕೊಂಡು ಇನ್ನೂ ಎಳೆದ. ಆಮೇಲೆ ಟ್ರಸ್ಟಿನ ದೊಡ್ಡ ಆಸ್ಪತ್ರೆಯಲ್ಲಿ ರೋಗದ ಹೆಸರು ತಿಳಿದ ಮೇಲೂ, ಉಬ್ಬಸದವನಿಗೆ ಎದೆ ಶಾಂತ ಮಾಡುವ ಆ ಗುಳಿಗೆ ಕೊಡಲು ಅವರು ಹೆದರಿದರು. ಬೀದರಿನ ಕಡೆಯ ನರ್ಸ್ ಶಿವಕುಮಾರಿ ಒಂದು ದಿನ ಕನ್ನಡದಲ್ಲಿ, "ಕಾಕಾ, ನಿಮಗ ಉಬ್ಬಸ ಯಾವಾಗಿನಿಂದ ಅದ?" ಎಂದು ಕೇಳದಿದ್ದರೆ ಅವನು ಇಂದಿಗೂ ಆ ಪಂಪನ್ನೇ ಎಳೆಯುತ್ತಿದ್ದ.

"ನನಗ್ಯಾಕವ್ವಾ ಉಬ್ಬಸ? ನಮ್ಮ ಮನಿತನದಾಗ ಯಾರಿಗೂ ಇಲ್ಲ."

"ಮತ್ತ ನೀವೇ ಅದ ಅಂದೀರಂತಲ್ಲ? ಬಹುತ್ ಹೈ ಅಂದೀರಂತ!"

ದಮಾ ಎಂದದ್ದು ದಮ್ ಎಂದು ಕೇಳಿಸಿದ್ದು ತಿಳಿದಾಗ ಶಿವಕುಮಾರಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅವನೂ ನಕ್ಕ. ರಾತ್ರಿ ಊಟಕ್ಕೆ ಕೂತಾಗ ಮಲ್ಲಕ್ಕ ಮಾತ್ರ ನಗಲಿಲ್ಲ. ರೊಟ್ಟಿ ಅವನ ತಾಟಿಗೆ ಎಸೆದಂತೆ ಹಾಕಿ, "ಇಲ್ಲದ ದಮ್ ಅದ ಅದ ಅಂತ ಮಂದಿಗಿ ಹೇಳಿ ಹೇಳಿ ಕಡೀಕ ಡಾಕ್ಟರಗೂ ಹೇಳಿದಿ. ಇಲ್ಲ ಅನ್ನಲಿಕ್ಕ ಯಾವಾಗ ಕಲೀತಿ ನೀ?" ಎಂದಳು. ಅವನು ರೊಟ್ಟಿ ಮುರಿದ. ತುತ್ತು ನುಂಗುವಾಗ ಒಂದು ಬಡಿತ ತಪ್ಪಿತು.

ಅದೇ ಆಸ್ಪತ್ರೆಯಲ್ಲಿ ಅವರು ಅವನನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡದ್ದು. ಇಂಥ ಎದೆಯವರಿಗೆ ವ್ಯಾಯಾಮದಿಂದ ಏನಾಗುತ್ತದೆ ಎಂದು ನೋಡುವ ಅಧ್ಯಯನ. ಎದೆಗೆ ತಂತಿ ಅಂಟಿಸಿ, ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಿಲ್ಲಿಸುವ ಮೊದಲು, ಕನ್ನಡಕದ ಹುಡುಗಿಯೊಬ್ಬಳು ಕೇಳಿದಳು, ವ್ಯಾಯಾಮ ಮಾಡುತ್ತೀರಾ? ಇಲ್ಲ. ಕೆಲಸ? ಪ್ಲಂಬರು, ಏಣಿ ಹತ್ತುತ್ತೇನೆ, ಪೈಪು ಹೊರುತ್ತೇನೆ, ಮನೆಗೆ ಗುಡ್ಡ ಹತ್ತುತ್ತೇನೆ. ಆಕೆ ಕಂಪ್ಯೂಟರಿನಲ್ಲಿ ವ್ಯಾಯಾಮ ಇಲ್ಲ ಎಂದು ಒತ್ತಿದಳು. ಅವನ ಮುಖ ನೋಡಿ ಪಾಪವೆನಿಸಿತೋ ಏನೋ, ತಿಳಿಹೇಳಿದಳು: ಕಾಕಾ, ಕೆಲಸ ಬೇರೆ, ವ್ಯಾಯಾಮ ಬೇರೆ. ವ್ಯಾಯಾಮದಲ್ಲಿ ನಿಮಗೆ ಬೇಕಾದಾಗ ಶುರು ಮಾಡುತ್ತೀರಿ, ಸಾಕಾದಾಗ ನಿಲ್ಲಿಸುತ್ತೀರಿ, ಆಮೇಲೆ ಆರಾಮ ಮಾಡುತ್ತೀರಿ; ಅದರಿಂದ ಹೃದಯಕ್ಕೆ ಲಾಭ. ಕೆಲಸದಲ್ಲಿ ಹಾಗಿಲ್ಲವಲ್ಲ, ಅದರಿಂದ ಲಾಭವಿಲ್ಲ, ಹಲವು ಸಲ ನಷ್ಟವೇ. ಇದು ಪ್ರಪಂಚದಲ್ಲೆಲ್ಲ ನೋಡಿದ್ದು. ಅಣವೀರಪ್ಪ ಆ ಹುಡುಗಿಯ ಮುಖವನ್ನೇ ನೋಡುತ್ತ ನಿಂತ. ಅದೇ ಮೆಟ್ಟಿಲು, ಅದೇ ಬೆವರು. ಸಾಹೇಬನು ಹತ್ತಿದರೆ ಎದೆಗೆ ಹಿತ, ಅವನು ಹತ್ತಿದರೆ ಎದೆಗೆ ಏಟು. ಮೈಯೊಳಗಿನ ಈ ಮುಷ್ಟಿಗಾತ್ರದ ಮಾಂಸಕ್ಕೂ ಯಾರು ಯಜಮಾನ, ಯಾರು ಆಳು ಎಂಬುದು ಗೊತ್ತಿದೆ ಎಂದಾಯಿತು. ಪ್ರಪಂಚದಲ್ಲೆಲ್ಲ ನೋಡಿದವರು, ನೋಡಿ ಏನು ಮಾಡಿದರು? ಅವನನ್ನು ಪಟ್ಟಿಯ ಮೇಲೆ ನಿಲ್ಲಿಸಿ, ಎಲ್ಲಿಗೂ ಮುಟ್ಟದ ನಡಿಗೆ ನಡೆಸಿ, ನೋಡಿದರು.

ಪಕ್ಕದ ಪಟ್ಟಿಯ ಮೇಲೆ, ಅವನಂತೆಯೇ ಎದೆ ತೆರೆದು, ಅವನಂತೆಯೇ ತಂತಿ ಇಳಿಬಿಟ್ಟು ನಡೆಯುತ್ತಿದ್ದವನು ಹಿತೇಶ್. ಮಲ್ಲಕ್ಕನಿಗೆ ಅಣವೀರಪ್ಪ ಫೋನಿನಲ್ಲಿ ಹೇಳಿದ ಎರಡು ಮಾತು ಕೇಳಿ ಆ ಮನುಷ್ಯನ ಮುಖ ಅರಳಿತು.

"ಅಂಕಲ್, ನೀವು ಕನ್ನಡಾ? ನಾವು ಸಹ ಕನ್ನಡ! ಅಂದರೆ ತುಳು. ಅಂದರೆ, ಅಮ್ಮ ಮಾತಾಡ್ತಾರೆ, ನನಗೆ ಅಂಡರ್‌ಸ್ಟ್ಯಾಂಡ್ ಆಗ್ತದೆ. ನಮ್ಮ ಅಜ್ಜನದ್ದು ಗ್ರಾಂಟ್ ರೋಡಲ್ಲಿ ಹೋಟೆಲ್ ಇತ್ತು. ನಿಮಗೂ ಏಫಿಬ್? ಸೇಮ್ ಸೇಮ್!"

ಎದೆ ತಾಳ ತಪ್ಪುವ ಈ ರೋಗ ಮ್ಯಾರಥಾನ್ ಓಡಿ ಓಡಿ ಬಂದದ್ದಂತೆ ಅವನಿಗೆ. ಅತಿಯಾಗಿ ಓಡಿದವರಿಗೂ ಇದು ಬರುತ್ತದಂತೆ. ಕೆಲಸ ಎಲ್ಲಿ ಎಂದು ಕೇಳಿ, ತಾನಿರುವ ಕಾಂಪ್ಲೆಕ್ಸಿನಲ್ಲೇ ಎಂದು ತಿಳಿದಾಗ ಹಿತೇಶ್, "ನಾನು ನಿಮ್ಮನ್ನು ನೋಡಲೇ ಇಲ್ಲ!" ಎಂದು ಆಶ್ಚರ್ಯಪಟ್ಟ. ಅಣವೀರಪ್ಪ ಅವನನ್ನು ನೋಡಿದ್ದ. ಅವನ ಬಾತ್‌ರೂಮಿನ ಫ್ಲಶ್ಶು ಬಿಚ್ಚಿ ಕೈಯಿಟ್ಟು ಸರಿಮಾಡಿದ್ದ; ಅಂದು ಹಿತೇಶ್ ಬಾಗಿಲಲ್ಲಿ ಫೋನಿನಲ್ಲಿ ಮಾತಾಡುತ್ತ, ಬೆರಳಿನಿಂದ, ಅಲ್ಲಿ ಎಂದು ತೋರಿಸಿದ್ದ. ಅದನ್ನು ಹೇಳಲಿಲ್ಲ. ಬದಲಿಗೆ ಕೈ ಮುಗಿದು, "ಸಾಹೇಬ್ರ, ಅಲ್ಲಿ ಯಾರಿಗೂ ಗೊತ್ತ ಮಾಡಬ್ಯಾಡ್ರಿ. ನನ್ನ ಜೋಡಿ ಸುಭಾಷ ಅಂತ ಇದ್ದ. ಶುಗರ್ ಆಗಿ ಟೆರೇಸಿನ ಮ್ಯಾಲ ಚಕ್ಕರ್ ಬಂದು ಬಿದ್ದ. ಮರುದಿನಾ ಅವನ ಗೇಟಿನ ಕಾರ್ಡ್ ಕಸಗೊಂಡು ಕೆಲಸದಿಂದ ತಗದ್ರು" ಎಂದ. ಹಿತೇಶ್ ತಂತಿಗಳ ನಡುವೆ ಎದೆಯ ಮೇಲೆ ಕೈಯಿಟ್ಟ. "ಪ್ರಾಮಿಸ್, ಅಂಕಲ್. ಸೀಕ್ರೆಟ್."

ಅಂದಿನಿಂದ ಟ್ರ್ಯಾಕಿನ ಮೇಲೆ ಹಿತೇಶ್ ಸಿಕ್ಕರೆ ಜೊತೆಗೆ ನಡೆಯುವುದು ರೂಢಿಯಾಯಿತು. ಡಾಕ್ಟರು ಹೇಳಿದ ಮಾತಾಡುವ ಅಳತೆಗೆ ಮಾತಾಡಲು ಒಬ್ಬ ಬೇಕಿತ್ತು, ಇಬ್ಬರಿಗೂ. ಸಾಹೇಬನ ಪಕ್ಕ, ಅರ್ಧ ಹೆಜ್ಜೆ ಹಿಂದೆ, ಪಾನಾ ಹಿಡಿದ ಪ್ಲಂಬರು; ಏನೋ ಕೆಲಸ ಹೇಳುತ್ತಿದ್ದಾರೆ ಎಂದುಕೊಂಡು ಜನ ಸುಮ್ಮನಿದ್ದರು. ಹಿತೇಶ್ ತನ್ನ ಕೈಗಡಿಯಾರ ತೋರಿಸುತ್ತಿದ್ದ, ಅದರಲ್ಲಿ ಅವನ ಎದೆಬಡಿತ ಹಸಿರು ಗೆರೆಯಾಗಿ ಓಡುತ್ತಿತ್ತು. ಇನ್ನು ಓಡಬಾರದು ಎಂದರಲ್ಲ, ಅಂದು ತಾನು ಸತ್ತೇ ಹೋದೆ ಅನಿಸಿತು, ಓಡುವುದೇ ತನ್ನ ಐಡೆಂಟಿಟಿ ಎನ್ನುತ್ತಿದ್ದ. ಅವನ ಕಣ್ಣು ತುಂಬಿದ್ದು ಸುಳ್ಳಲ್ಲ. ಅಣವೀರಪ್ಪನಿಗೆ ಅವನ ಮೇಲೆ ನಿಜಕ್ಕೂ ಮರುಕ ಹುಟ್ಟುತ್ತಿತ್ತು, ಮತ್ತು ಆ ಮರುಕಕ್ಕಾಗಿ ತನ್ನ ಮೇಲೆ ಸಿಟ್ಟೂ. ಅವನಿಗೆ ಮರುಗುವ ಅಧಿಕಾರ ತನಗೆ ಯಾರು ಕೊಟ್ಟರು? "ನಾ ಓಡಿದ್ದು ಲೋಕಲ್ ಹಿಡೀಲಿಕ್ಕ ಅಷ್ಟೇ ರೀ ಸಾಹೇಬ್ರ" ಎಂದಿದ್ದ ಒಮ್ಮೆ. ಹಿತೇಶ್ ಜೋರಾಗಿ ನಕ್ಕಿದ್ದ. ಅದು ನಗುವ ಮಾತಾಗಿತ್ತೇ ಎಂದು ಅಣವೀರಪ್ಪ ಒಂದು ಸುತ್ತಿನ ತನಕ ಯೋಚಿಸಿದ್ದ.

ಇಂದು ಮುಂಜಾನೆ ಮೋಡ ಕಟ್ಟಿ ಬಿಸಿಲಿರಲಿಲ್ಲ. ಬೆಂಚಿನ ಹತ್ತಿರ ಹಿತೇಶ್ ತಟ್ಟನೆ ನಿಂತು ಕೈ ಚಾಚಿದ.

"ಅಂಕಲ್, ಇದು ಕೊಡಿ. ಎಂಥ ವೇಟ್ ಮಾರಾಯ್ರೆ! ಡಾಕ್ಟರ್ ಏನು ಹೇಳಿದ್ದಾರೆ? ನೋ ವೇಟ್. ಕೈ ಫ್ರೀ ಬಿಡ್ಬೇಕು, ಹೀಗೆ, ಸ್ವಿಂಗ್."

"ಇರಲಿ ಬಿಡ್ರಿ ಸಾಹೇಬ್ರ. ಇದು ನನ್ನ ರೇಲ್ವೆ ಪಾಸ್ ಇದ್ದಂಗ."

"ಪಾಸ್!" ಹಿತೇಶ್ ನಕ್ಕ. "ನಾನು ಇದ್ದೇನಲ್ಲ ಜೊತೆಗೆ. ಯಾರು ಕೇಳ್ತಾರೆ ಟಿಕೆಟ್?" ಎಂದು ಪಾನಾ ಕಸಿದುಕೊಂಡು ಬೆಂಚಿನ ಕೆಳಗೆ ಇಟ್ಟೇಬಿಟ್ಟ.

ಬರಿಗೈ ಏನು ಮಾಡಬೇಕೆಂದು ಅವನಿಗೆ ಮೊದಲು ತಿಳಿಯಲಿಲ್ಲ. ಕೈಗಳು ತೊಡೆಗೆ ಬಡಿದವು, ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು, ಯಾರದೋ ಕೈಗಳನ್ನು ಹೊತ್ತು ತಂದವನ ಹಾಗೆ ಅವನು ಬಿಗಿದು ನಡೆದ. ಆಮೇಲೆ ಹಿತೇಶನನ್ನು ನೋಡಿ ನೋಡಿ ಸ್ವಲ್ಪ ಬೀಸಿದ. ಇನ್ನೂ ಸ್ವಲ್ಪ. ಭುಜದೊಳಗೆ ಯಾವುದೋ ಹಳೆಯ ತುಕ್ಕು ಕಿತ್ತು ಬಂದಂತಾಗಿ ತೋಳುಗಳು ತಾವಾಗಿ ಹಿಂದಕ್ಕೂ ಮುಂದಕ್ಕೂ ತೂಗಲಾರಂಭಿಸಿದವು. ಕಾಲುಗಳು ಅವುಗಳ ಜೊತೆ ಕೂಡಿಕೊಂಡವು. ತಿರುವಿನಲ್ಲಿ ಕೆರೆ ಕಂಡಿತು, ಬೂದು ನೀರು, ಅದರಾಚೆ ಕಾಲೇಜಿನ ಮರಗಳು. ಇಷ್ಟು ವರ್ಷ ಅದನ್ನು ಅವನು ನೀರಿನ ಮಟ್ಟವೆಂದು ನೋಡಿದ್ದ, ಕೆರೆಯೆಂದು ನೋಡಿರಲಿಲ್ಲ. ಎದೆಗೆ ಕಿವಿಗೊಟ್ಟ. ಒಂದು, ಇನ್ನೊಂದು, ಮತ್ತೊಂದು, ಯಾವುದೂ ತಪ್ಪಲಿಲ್ಲ. ಎಲ್ಲಿಗೂ ಹೋಗಬೇಕಿರಲಿಲ್ಲ, ಏನನ್ನೂ ಮುಟ್ಟಿಸಬೇಕಿರಲಿಲ್ಲ. ಇದೇ ಏನು ಅವರು ವ್ಯಾಯಾಮ ಅನ್ನುವುದು? ಇಷ್ಟು ಹಗುರವಾದದ್ದನ್ನು ಇವರು ದಿನಾ ಮಾಡುತ್ತಾರೆಯೇ, ಮಾಡಿಯೂ ಇಷ್ಟು ಗಂಟುಮೋರೆಯಲ್ಲಿ ಇರುತ್ತಾರೆಯೇ? ಗಂಟಲಿಗೆ ಏನೋ ಗುನುಗು ಬಂತು. ಹಾಡಬಾರದು ಎಂಬುದು ನೆನಪಾಗಿ ಅದನ್ನು ನುಂಗಿದ.

"ಅಣವೀರ್! ಇಥೇ ಕಾಯ್ ಕರತೋಸ್?"

ಎದುರಿಗೆ ಸ್ನೇಹಲ್ ಮೇಡಂ, ಕಮಿಟಿಯ ಸೆಕ್ರೆಟರಿ, ಕಿವಿಯಿಂದ ವೈರು ತೆಗೆಯುತ್ತ. ಇಲ್ಲೇನು ಮಾಡುತ್ತಿದ್ದೀಯ ಎಂದು ಕೇಳಿದ್ದಳು, ಕೇಳುವಾಗ ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೈಗಳ ಮೇಲಿತ್ತು. ಕೈಗಳು ಇನ್ನೂ ತೂಗುತ್ತಿದ್ದವು. ಅವನು ಅವನ್ನು ನಿಲ್ಲಿಸಿದ. ಲೀಕೇಜ್ ನೋಡುತ್ತಿದ್ದೇನೆ ಎಂಬ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು, ಎಷ್ಟು ತಿಂಗಳಿಂದ ಸಾಣೆ ಹಿಡಿದಿಟ್ಟ ಸುಳ್ಳು, ಆದರೆ ಅದಕ್ಕೆ ಕೈಯಲ್ಲಿ ಪಾನಾ ಬೇಕಿತ್ತು. ಬೆಂಚು ಹಿಂದೆ, ಮರಗಳಾಚೆ ಉಳಿದಿತ್ತು. ಅವನು ಹಿತೇಶನನ್ನು ನೋಡಿ ಮನಸ್ಸಿನಲ್ಲೇ ಬೇಡಿದ. ನಾನೇ ಕರೆದೆ, ನಮ್ಮ ಮನೆಯ ನಲ್ಲಿ ಸೋರುತ್ತಿದೆ ಅನ್ನು. ಅಷ್ಟೇ ಅನ್ನು. ನಿನ್ನ ಆಳು ಅನ್ನು ಬೇಕಾದರೆ, ಅವಮಾನ ನನಗೆ ಹೊಸದಲ್ಲ. ಹಿತೇಶನ ಮುಖದಲ್ಲಿ ಒಂದು ಬಗೆಯ ಬೆಳಕು ಏರುತ್ತಿತ್ತು. ಅದು ಯಾವ ಬೆಳಕು ಎಂದು ತಿಳಿಯುವಷ್ಟರಲ್ಲಿ ಅವನು ಬಾಯಿ ತೆರೆದಿದ್ದ.

"ಸ್ನೇಹಲ್, ಸ್ಟಾಪ್ ಇಟ್. ಹೀ ಈಸ್ ಅ ಹಾರ್ಟ್ ಪೇಷಂಟ್. ಮೇರೇ ಜೈಸಾ. ಡಾಕ್ಟರ್ ಭೀ ಸೇಮ್. ಇನ್‌ಕೋ ರೋಜ್ ಚಲನಾ ಹೈ. ಇಸ್ ಟ್ರ್ಯಾಕ್ ಪರ್ ಜಿತನಾ ಮೇರಾ ರೈಟ್ ಹೈ, ಉತನಾ ಇನ್‌ಕಾ ಭೀ ಹೈ. ಶರಮ್ ಆನೀ ಚಾಹಿಯೇ ಹಮೇ!"

ಈ ಟ್ರ್ಯಾಕಿನ ಮೇಲೆ ನಡೆಯಲು ನನಗಿರುವಷ್ಟೇ ಹಕ್ಕು ಇವರಿಗೂ ಇದೆ, ನಾಚಿಕೆಯಾಗಬೇಕು ನಮಗೆ ಎಂಬುದನ್ನು ಅವನು ಸುತ್ತ ನಿಂತವರಿಗೂ ಕೇಳುವ ಹಾಗೆ ಹೇಳಿದ. ಬಿಳಿ ಬೂಟಿನ ಅಜ್ಜಿಯೊಬ್ಬಳು ಎದೆಗೆ ಕೈ ಒತ್ತಿಕೊಂಡಳು. ನಾಯಿ ಹಿಡಿದವನೊಬ್ಬ ಚಪ್ಪಾಳೆಯಂಥದ್ದು ಒಂದನ್ನು ತಟ್ಟಿದ. ಹಿತೇಶನ ತೋಳು ಅಣವೀರಪ್ಪನ ಹೆಗಲ ಮೇಲೆ ಬಂದು ಕೂತಿತು. ಆ ತೋಳಿನ ಕೆಳಗೆ ಎದೆ ಒಮ್ಮೆ ನಿಂತು, ಆಮೇಲೆ ಚೀಲದಿಂದ ಸುರಿದ ಕಡಲೆಯ ಹಾಗೆ ಚೆಲ್ಲಾಪಿಲ್ಲಿಯಾಯಿತು. ಅವನು ಸ್ನೇಹಲ್ ಮೇಡಮ್ಮನ ಮುಖವನ್ನೇ ನೋಡುತ್ತಿದ್ದ. ಸಿಟ್ಟು ಇಳಿಯಿತು, ಗಾಬರಿ ಬಂತು, ಗಾಬರಿಯ ಮೇಲೆ ನಿಧಾನವಾಗಿ, ಟ್ಯಾಂಕಿನ ಮುಚ್ಚಳ ಎಳೆದಂತೆ, ದಯೆ ಬಂದು ಮುಚ್ಚಿಕೊಂಡಿತು. ಬೈದಿದ್ದರೆ ಅವನು ಕಾಲು ಹಿಡಿಯುತ್ತಿದ್ದ, ತಪ್ಪಾಯಿತು ಎನ್ನುತ್ತಿದ್ದ, ಅದೆಲ್ಲ ಅವನಿಗೆ ಬರುತ್ತಿತ್ತು. "ಅರೇ ದೇವಾ! ಆಧೀ ಸಾಂಗಾಯಚಂ ನಾ, ಕಾಕಾ!" ಎಂದಳು ಅವಳು. ಮೊದಲೇ ಹೇಳಬಾರದಿತ್ತೇ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನನ್ನು ಕಾಕಾ ಎಂದು ಕರೆದಿದ್ದಳು, ಮತ್ತು ಅದನ್ನು ಕೇಳಿದಾಗಲೇ ಅಣವೀರಪ್ಪನಿಗೆ ಕೆಲಸ ಹೋಯಿತೆಂದು ಗೊತ್ತಾಯಿತು.

ಮಧ್ಯಾಹ್ನ ಆಫೀಸಿಗೆ ಕರೆದು ಕುರ್ಚಿ ಕೊಟ್ಟರು. ಆ ಕುರ್ಚಿಯ ಹಿಂದಿನ ಗೋಡೆಯಲ್ಲಿ ಓಡಿದ ಪೈಪು ಅವನಿಗೆ ಗೊತ್ತಿತ್ತು, ಕುರ್ಚಿ ಗೊತ್ತಿರಲಿಲ್ಲ, ತುದಿಯಲ್ಲಿ ಕೂತ. ಗಾಜಿನ ಲೋಟದಲ್ಲಿ ನೀರು. ಕಾಂಟ್ರಾಕ್ಟರನ ಜೊತೆ ಮಾತಾಡಿಯಾಗಿದೆ ಎಂದಳು ಸ್ನೇಹಲ್, ಹಿಂದಿಯಲ್ಲಿ, ಮೆಲ್ಲಗೆ, ರೋಗಿಯ ಹಾಸಿಗೆಯ ಪಕ್ಕ ಕೂತವಳ ಹಾಗೆ. ಟೆರೇಸು, ಟ್ಯಾಂಕು, ಏಣಿ, ಇದೆಲ್ಲ ಈ ಎದೆಯಲ್ಲಿ ಹೇಗೆ? ನಾಳೆ ಏನಾದರೂ ಆದರೆ ನಾವೇ ನಮ್ಮನ್ನು ಕ್ಷಮಿಸಿಕೊಳ್ಳುವುದಿಲ್ಲ. ನೀವು ಆರಾಮ ಮಾಡಿ, ಊರಿಗೆ ಹೋಗಿ, ಅಲ್ಲಿ ಗಾಳಿ ಚೆನ್ನಾಗಿರುತ್ತದೆ. ಅಣವೀರಪ್ಪ, ಡಾಕ್ಟರು ಹಗುರ ಕೆಲಸ ಮಾಡಬಹುದು ಅಂದಿದ್ದಾರೆ ಎಂದ. ಹಗುರ ಕೆಲಸ ನಮ್ಮಲ್ಲಿ ಎಲ್ಲಿದೆ ಎಂದು ಅವಳು ನಿಜವಾಗಿಯೂ ಯೋಚಿಸಿ ಹೇಳಿದಳು. ತೋಟಕ್ಕೆ ನೀರು ಬಿಡುತ್ತೇನೆ ಎಂದ. ತೋಟದ ಕಾಂಟ್ರಾಕ್ಟು ಬೇರೆಯವರದ್ದು. ಅವನು ಏಣಿಯ ಮೇಲೆ ನಿಂತು ದುಡಿದಷ್ಟು ದಿನ ಅವನ ಎದೆ ಯಾರ ಚಿಂತೆಯೂ ಆಗಿರಲಿಲ್ಲ. ಈಗ ಅದು ಎಲ್ಲರ ಕೈಯಲ್ಲಿ ಒಡೆಯಬಾರದ ಪಾತ್ರೆ, ಆದ್ದರಿಂದ ಎಲ್ಲರೂ ಆದಷ್ಟು ಬೇಗ ಅದನ್ನು ಕೆಳಗಿಡಲು ನೋಡುತ್ತಿದ್ದರು. ಎದ್ದು ನಿಂತ ಮೇಲೆ, ತನಗೇ ತಿಳಿಯದಂತೆ, ಒಂದು ಮೂರ್ಖ ಪ್ರಶ್ನೆ ಅವನ ಬಾಯಿಂದ ಬಂತು.

"ಮೇಡಂ, ಸುಬಹ್ ಕೋ ಚಲನೇ ಆ ಸಕತಾ ಹೂಂ?" ಮುಂಜಾನೆ ನಡೆಯಲು ಬರಬಹುದೇ.

ಸ್ನೇಹಲಳಿಗೆ ನೋವಾಯಿತು. "ಕಾಕಾ, ಕೈಸೇ? ಅಬ್ ತುಮ್ ಸ್ಟಾಫ್ ಭೀ ನಹೀಂ ಹೋ. ರೆಸಿಡೆಂಟ್ ಭೀ ನಹೀಂ." ಈಗ ಕೆಲಸದವನೂ ಅಲ್ಲ, ಇಲ್ಲಿ ವಾಸಿಸುವವನೂ ಅಲ್ಲ.

ಗೇಟಿನಲ್ಲಿ ವಾಚ್‌ಮನ್ ಖಂಡಪ್ಪ ಡ್ಯೂಟಿಯಲ್ಲಿದ್ದ. ಆಳಂದದವನು, ಊಟದ ಹೊತ್ತಿಗೆ ಇಬ್ಬರೂ ಒಂದೇ ಶೇಂಗಾ ಹಿಂಡಿಯನ್ನು ಹಂಚಿಕೊಂಡು ತಿನ್ನುತ್ತಿದ್ದವರು. ಆಫೀಸಿನಿಂದ ಫೋನು ಬಂದಾಗಿತ್ತು. ಅವನು ಕಾರ್ಡಿಗೆ ಕೈ ಚಾಚಲಾರದೆ ಚಾಚಿ, "ಎಣ್ಣಾ, ಬ್ಯಾಗೂ ತೋರಸಬೇಕಂತ. ನಾ ಏನ್ ಮಾಡ್ಲಿ?" ಎಂದ. ಅಣವೀರಪ್ಪ ಬ್ಯಾಗಿನ ಬಾಯಿ ತೆರೆದು ಹಿಡಿದ. ಊಟದ ಡಬ್ಬಿ, ಒಂದು ಅಂಗಿ, ಗುಳಿಗೆಯ ಪಟ್ಟಿ. ಖಂಡಪ್ಪ ಒಳಗೆ ನೋಡದೆ ನೋಡಿದ ಹಾಗೆ ತಲೆಯಾಡಿಸಿದ. ಮಲ್ಲಕ್ಕನಿಗೆ ಏನೆಂದು ಹೇಳುವುದು? ಇಲ್ಲ ಅನ್ನಲು ಕಲಿ ಎಂದಿದ್ದಳು. ಯಾರಾದರೂ ಕೇಳಿದ್ದರಲ್ಲವೇ ಅನ್ನುವುದು? ಗೇಟು ದಾಟಿ ಎರಡು ಹೆಜ್ಜೆ ಇಟ್ಟಿದ್ದ, ಹಿಂದಿನಿಂದ ಕೂಗು ಕೇಳಿಸಿತು.

"ಅಂಕಲ್! ಅಂಕಲ್, ಒಂದು ನಿಮಿಷ!"

ಹಿತೇಶ್ ಬೇಗಬೇಗನೆ ಬರುತ್ತಿದ್ದ, ಓಡಬಾರದೆಂದು ಓಡದೆ, ತುದಿಗಾಲಿನ ಮೇಲೆ ನಡೆಯುವವನಂತೆ. ಗೇಟಿನ ಒಳಗೆ ಅವನು, ಹೊರಗೆ ಇವನು. ಹಿತೇಶನ ಕಣ್ಣುಗಳು ಕೆಂಪಾಗಿದ್ದವು.

"ಈಗ ಗೊತ್ತಾಯ್ತು ನನಗೆ. ಐ ಆಮ್ ಶಾಕ್ಡ್. ನಾನು ಇದಕ್ಕೆ ಹೇಳಿದ್ದಲ್ಲ, ಅಂಕಲ್. ನಿಮ್ಮ ರೈಟ್‌ಗೆ ಹೇಳಿದ್ದು. ನಾನು ಕಮಿಟಿಗೆ ಸ್ಟ್ರಾಂಗ್ ಮೇಲ್ ಮಾಡ್ತೇನೆ, ಬಿಡುದಿಲ್ಲ. ಆದ್ರೆ ಒಂದು ರೀತಿ, ನಿಮ್ಮ ಹಾರ್ಟ್‌ಗೆ ರೆಸ್ಟ್ ಸಿಗ್ತದೆ ಅಲ್ವಾ? ಆ ಟೆರೇಸ್ ಎಲ್ಲ ಡೇಂಜರ್. ನೀವು... ಎಂಥ ಹೇಳ್ತಾರೆ... ಬೇಜಾರಿಲ್ಲ ಅಲ್ಲ? ನನ್ನ ಮೇಲೆ?"

ಅವನು ಕಾಯುತ್ತ ನಿಂತ. ನಲ್ಲಿ ಸರಿಯಾಯಿತೇ ಎಂದು ಬಾತ್‌ರೂಮಿನ ಬಾಗಿಲಲ್ಲಿ ಕಾಯುವವರ ಹಾಗೆ. ಸರಿಯಾಯಿತು ಸಾಹೇಬ್ರ ಎಂದರೆ ಹೊರಟುಹೋಗುತ್ತಾರೆ, ಹೋದಮೇಲೆ ಅದರ ಬಗ್ಗೆ ಮತ್ತೆ ಯೋಚಿಸುವುದಿಲ್ಲ. ಬೇಕಾದದ್ದು ಒಂದೇ ಮಾತು, ಮತ್ತು ಆ ಮಾತು ಅಣವೀರಪ್ಪನ ಬಾಯಲ್ಲಿ ಎಂದಿನಂತೆ ತಯಾರಾಗಿತ್ತು. ಏನಿಲ್ಲ ಬಿಡ್ರಿ ಸಾಹೇಬ್ರ. ಅವನು ಅದನ್ನು ಹೇಳಲು ಬಾಯಿ ತೆರೆದ. ಎದೆ ಒಂದು ಬಡಿತ ತಪ್ಪಿಸಿತು, ಆ ಖಾಲಿ ಜಾಗದಲ್ಲಿ ಬೇರೆ ಮಾತು ಬಂದು ನಿಂತಿತು. ಸಿಟ್ಟು ಮಾಡಲು ಅವನ ಗಂಟಲಿಗೆ ಅಭ್ಯಾಸವಿರಲಿಲ್ಲ. ಸಾಹೇಬರೊಡನೆ ಆಡುವ ಅದೇ ಮೆತ್ತನೆಯ ದನಿ, ಅದೇ ಬಾಗಿದ ಕತ್ತು, ತುಟಿಯ ಮೇಲೆ ಅದೇ ನಗು, ಅದರೊಳಗಿಂದಲೇ ಅವನು ಹೇಳಿದ:

"ನನ್ನ ಎದಿ ನಿನಗ ಹತ್ತಲಿ, ಹಿತೇಶಾ. ನನ್ನ ಎದ್ಯಾಗಿನ ಬ್ಯಾನಿ ಅಷ್ಟೂ ನಿನ್ನ ಎದಿಗಿ ಬರಲಿ. ನಿನಗ ಓಡ್ಲಿಕ್ಕ ಹಾದಿ ಇರಲಿ, ಕಾಲ ಏಳದಿರಲಿ."

ಹಿತೇಶ್ ತಲೆ ವಾಲಿಸಿ, ಹುಬ್ಬು ಕೂಡಿಸಿ, ಒಂದೊಂದೇ ಶಬ್ದವನ್ನು ಹೆಕ್ಕಿಕೊಳ್ಳುತ್ತಿದ್ದ. ಆ ಕಡೆಯ ಕನ್ನಡ ಅವನಿಗೆ ಯಾವಾಗಲೂ ಕಷ್ಟ. "ಎದಿ... ಎದೆ. ಹಾರ್ಟ್, ರೈಟ್? ನಿಮ್ಮ ಹಾರ್ಟ್... ನನಗೆ..." ಅವನ ಮುಖ ಸಡಿಲವಾಯಿತು. ಗೇಟಿನ ಸರಳಿನ ನಡುವೆ ಕೈ ತೂರಿಸಿ ಅಣವೀರಪ್ಪನ ಕೈಯನ್ನು ಗಟ್ಟಿಯಾಗಿ ಅದುಮಿದ, ಆಮೇಲೆ ತನ್ನ ಕೈ ಹಿಂತೆಗೆದು ಎದೆಯ ಮೇಲಿಟ್ಟುಕೊಂಡ.

"ಸೇಮ್ ಟು ಯೂ, ಅಂಕಲ್" ಎಂದ. "ಸೇಮ್ ಟು ಯೂ."

ಕಣ್ಣೊರೆಸಿಕೊಂಡು, ಹಗುರಾಗಿ, ಲಿಫ್ಟಿನ ಕಡೆ ಹೋದ. ಅವನು ಮರೆಯಾಗುವ ತನಕ ಖಂಡಪ್ಪ ನೆಲ ನೋಡುತ್ತ ನಿಂತಿದ್ದ. ಅವನಿಗೆ ಒಂದೊಂದು ಅಕ್ಷರವೂ ತಿಳಿದಿತ್ತು.

"ಹಂಗ ಅನಬಾರದಿತ್ತ ಎಣ್ಣಾ" ಎಂದ ಮೆಲ್ಲಗೆ. "ಪಾಪ, ಒಳ್ಳೆ ಮನಷ್ಯಾ ಅವಾ."

"ಒಳ್ಳೆ ಮನಷ್ಯಾನ" ಎಂದ ಅಣವೀರಪ್ಪ. "ಕೆಟ್ಟಾಂವ ಇದ್ದಿದ್ರ ನನ್ನ ಕೆಲಸ ಉಳೀತಿತ್ತು."

ಖಂಡಪ್ಪ ಏನೋ ಹೇಳಲು ತಲೆ ಎತ್ತಿದ. ರಸ್ತೆಯ ಕಡೆಯಿಂದ ಹಾರ್ನ್ ಕೇಳಿಸಿತು. ಒಳಗೆ ಬರಬೇಕಾದ ದೊಡ್ಡ ಬಿಳಿ ಕಾರೊಂದು ಅಣವೀರಪ್ಪನ ಬೆನ್ನಿಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು ನಿಂತಿತ್ತು. ಖಂಡಪ್ಪ ಟೊಪ್ಪಿಗೆ ಸರಿಮಾಡಿಕೊಂಡು ಗೇಟಿಗೆ ಕೈ ಹಾಕಿದ.

"ಸರೀ ಎಣ್ಣಾ, ಸರೀ" ಎಂದ. "ಗಾಡಿ ಬಂತು."